ಡಾಕ್ಟರ್ ಕೇಳುವ ಐದು ಪದಗಳು

ಬೆಳಗಿನ ರೊಟ್ಟಿ ತಟ್ಟುತ್ತಿದ್ದೆ. ಗಂಡ ಹಾಕಿ ಸ್ಟಿಕ್ ಹಿಡಿದುಕೊಂಡೇ ಅಡುಗೆಮನೆಗೆ ಬಂದರು.

“ಅದನ್ನ ಬಿಟ್ಟು ಮೊದ್ಲು ಪದ ಕೇಳೇ. ಹತ್ತು ಗಂಟೆಗೆ ಟೀಮ್ ಡಾಕ್ಟರ್ ಪರೀಕ್ಷೆ.”

ಆಟದಲ್ಲಿ ನಾಲ್ಕು ಸಲ ಅವರ ತಲೆಗೆ ಪೆಟ್ಟು ಬಿದ್ದಿತ್ತು. ಡಾಕ್ಟರ್ ಐದು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಅವನ್ನೇ ಕೇಳುತ್ತಾರೆ. ತಪ್ಪಿದವರನ್ನು ಮೈದಾನಕ್ಕೆ ಇಳಿಸುವುದಿಲ್ಲ. ಹಾಗಾಗಿ ಆಟಗಾರರು ಪಟ್ಟಿಯನ್ನು ಹೇಗೋ ಸಂಪಾದಿಸಿ ಮೊದಲೇ ಬಾಯಿಪಾಠ ಮಾಡಿಕೊಳ್ಳುತ್ತಾರೆ.

“ಹೇಳಿ,” ಎಂದೆ.

“ಕಂಬಳಿ, ನಿಂಬೆ, ಕೊಡೆ, ಬೆರಳು...” ಅಲ್ಲಿಗೇ ನಿಂತರು.

“ಜೇಡ!” ಎಂದಳು ತಿಂಡಿಗೆ ಕೂತಿದ್ದ ಆರು ವರ್ಷದ ಮಗಳು.

“ಎಲಾ ಕಳ್ಳಿ! ನಿನ್ನನ್ನೇ ಕರ್ಕೊಂಡು ಹೋಗ್ತೀನಿ ಇರು.” ಅವರು ನಕ್ಕರು. “ಇವತ್ತು ಪಾಸಾದ್ರೆ ಭಾನುವಾರದ ಮ್ಯಾಚ್ ನಂದೇ ಕಣೇ.”

“ಆಗ್ತೀರಿ ಬಿಡಿ.”

ಮಗಳು ನನ್ನ ಮುಖ ನೋಡಿದಳು. ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದೆ. ದಿನವೂ ಸುಮ್ಮನಾಗುತ್ತಿದ್ದವಳು ಇಂದು ತಡೆಯಲಾರದೆ ಕೇಳಿಯೇಬಿಟ್ಟಳು:

“ಅಪ್ಪಾ, ಹೋದ ವರ್ಷಾನೇ ನಿನ್ನನ್ನ ಟೀಮಿಂದ ತೆಗೆದ್ರಲ್ಲಾ, ಅದು ನಿಂಗೆ ದಿನಾ ಮರ್ತುಹೋಗುತ್ತಾ?”