ಕಲ್ಲಮ್ಮನ ಗುಡ್ಡೆಗೆ ಒಬ್ಬಳೇ ಸಾಕ್ಷಿ

ರುಕ್ಮಿಣಮ್ಮ ಬಾಯಿ ಬಿಡುವುದಿಲ್ಲ ಎಂದು ಇಡೀ ಊರೇ ಅಂದುಕೊಂಡಿತ್ತು. ದೇವೀರಪ್ಪನಿಗೆ ಒಳ್ಳೆಯದಾಗುವ ಮಾತನ್ನು ಅವಳೇಕೆ ಆಡಿಯಾಳು?

ಆ ದೇವೀರಪ್ಪನೇ ಈಗ ಅವಳ ಜಗುಲಿಯ ಕೆಳಗೆ ಕೈಕಟ್ಟಿ ನಿಂತಿದ್ದ. ಪಕ್ಕದಲ್ಲಿ ನಂದಿತಾ. ಮಾದಿಹಳ್ಳಿ ಸುತ್ತಿನ ಹಳೇ ಜಾಗಗಳ ಹೆಸರು, ಹಾಳಾಗಿ ಹೋದ ಗುಡಿ, ಕಟ್ಟೆಗಳನ್ನೆಲ್ಲ ಸರ್ಕಾರದ ಪರವಾಗಿ ಬರೆದುಕೊಳ್ಳುತ್ತ ತಿರುಗುತ್ತಿದ್ದ ಹುಡುಗಿ. ಅವಳ ಪುಸ್ತಕ ಸೇರಿದ ಜಾಗವನ್ನು ರಸ್ತೆ ಅಗಲ ಮಾಡುವವರು ಮುಟ್ಟುವಂತಿಲ್ಲ. ಸೇರದಿದ್ದರೆ ನಾಳೆ ಬೆಳಿಗ್ಗೆ ಕಲ್ಲಮ್ಮನ ಗುಡ್ಡೆಯನ್ನು ಜೆಸಿಬಿ ಬುಡಸಮೇತ ಎತ್ತುತ್ತದೆ. ಸೇರಬೇಕಾದರೆ ಹಳೇ ತಲೆಯೊಂದು ಸಾಕ್ಷಿ ಹೇಳಬೇಕು. ಊರಲ್ಲಿ ಉಳಿದಿದ್ದ ಹಳೇ ತಲೆ ಇದೊಂದೇ.

ಗುಡ್ಡೆಯೆಂದರೆ ದಾರಿಹೋಕರು ಹರಕೆ ಹೊತ್ತು ಹಾಕಿದ ಕಲ್ಲುಗಳ ರಾಶಿ. ರುಕ್ಮಿಣಮ್ಮನ ಹೊಲದ ಅಂಚಿನಲ್ಲಿ ಆಳೆತ್ತರ ಬೆಳೆದಿತ್ತು. ದೇವೀರಪ್ಪ ದಿನಾ ಸ್ನಾನ ಮಾಡಿ ಬಂದು ಒಂದು ಕಲ್ಲು ಹಾಕುತ್ತಿದ್ದ. ಅವನಪ್ಪ ಸಿದ್ದಬಸಪ್ಪ ನಲವತ್ತು ವರ್ಷದ ಹಿಂದೆ ಮನೆಯಿಂದ ಹೋದವನು ಪತ್ತೆಯೇ ಇಲ್ಲ. ಬಾಣಾವರದಲ್ಲಿ ರೈಲು ಹತ್ತಿದ್ದನ್ನು ಕಂಡೆವೆಂದರು ಕೆಲವರು. ಕಾಶಿ ಸೇರಿದನೆಂದರು ಇನ್ನು ಕೆಲವರು. ಬದುಕಿದ್ದರೆ ತೊಂಬತ್ತು ದಾಟಿರಬೇಕು. ಮಗ ಮಾತ್ರ ಆಸೆ ಬಿಟ್ಟಿರಲಿಲ್ಲ, ಪಾಪ.

ಆ ಸಿದ್ದಬಸಪ್ಪನೇನು ಸಾಮಾನ್ಯನೇ? ಕಾಯಿ ಕದ್ದನೆಂದು ರುಕ್ಮಿಣಮ್ಮನ ಗಂಡ ಕೆಂಚಪ್ಪನನ್ನು ತೆಂಗಿನ ಮರಕ್ಕೆ ಕಟ್ಟಿಸಿ, ಊರೆಲ್ಲ ನೋಡುತ್ತಿರುವಾಗಲೇ ಸಾಯಬಡಿದಿದ್ದ. ಎಂಟು ದಿನ ರಕ್ತ ಕಾರಿ ಕೆಂಚಪ್ಪ ಸತ್ತ. ಕದ್ದವರು ಬೇರೆಯವರೆಂದು ಆಮೇಲೆ ಗೊತ್ತಾಯಿತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಆ ಮನೆಯವರ ಕೈಯ ನೀರನ್ನೂ ಮುಟ್ಟದೆ, ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡೇ ಅವಳು ಮುದುಕಿಯಾಗಿದ್ದಳು.

“ಅವ್ವಾ, ನಮ್ಮಪ್ಪ ಮಾಡಿದ್ದು ತಪ್ಪೇ,” ಎಂದ ದೇವೀರಪ್ಪ. “ಆ ಸಿಟ್ಟನ್ನ ಕಲ್ಲಮ್ಮನ ಮೇಲೆ ತೀರಿಸ್ಕೋಬೇಡಿ. ಅಪ್ಪ ಬರೋಗಂಟ ದಿನಾ ಒಂದು ಕಲ್ಲು ಅಂತ ನನ್ನ ಹರಕೆ ಐತೆ.”

ರುಕ್ಮಿಣಮ್ಮ ಅವನನ್ನೇ ದಿಟ್ಟಿಸಿದಳು. ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದಳು. “ಬರ್ಕೊಳವ್ವ,” ಎಂದಳು ನಂದಿತಾಳಿಗೆ.

ಹೇಳಿದಳು ನೋಡಿ, ಒಂದಾ ಎರಡಾ. ಅತ್ತೆಯ ಅತ್ತೆ ಕಾಲಕ್ಕೂ ಹಿಂದೆ ಅಲ್ಲಿ ಗುಡಿಯಿತ್ತಂತೆ. ಊರು ಮರೆತೇಬಿಟ್ಟಿತ್ತಂತೆ. ಗಂಡ ಸತ್ತ ವರ್ಷ ಕಲ್ಲಮ್ಮ ತನ್ನ ಮೈಮೇಲೆ ಬಂದು, ಬಂದವರೆಲ್ಲ ಒಂದೊಂದು ಕಲ್ಲು ಹಾಕಿ ಎಂದು ಕೇಳಿದಳಂತೆ. ಅಗೆದರೆ ಊರಿಗೇ ಕೇಡಂತೆ. ನಂದಿತಾ ಎಲ್ಲ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಳು. ಇನ್ನು ರಸ್ತೆ ಗುಡ್ಡೆಯನ್ನು ಬಳಸಿಯೇ ಹೋಗಬೇಕು.

ದೇವೀರಪ್ಪ ಅಳುತ್ತ ಕಾಲಿಗೆ ಬಿದ್ದ. ಇಷ್ಟು ವರ್ಷದ ಹಗೆಯನ್ನು ನುಂಗಿಕೊಂಡಳಲ್ಲ, ಎಂಥ ದೊಡ್ಡ ಮನಸ್ಸು ಎಂದು ನಂದಿತಾಳೂ ಪುಸ್ತಕ ಮುಚ್ಚಿ ಕೈಮುಗಿದಳು.

“ಒಂದು ದಿನಾನೂ ತಪ್ಪಿಸ್ಬೇಡ ಕಣಪ್ಪ,” ಎಂದಳು ರುಕ್ಮಿಣಮ್ಮ. “ದಪ್ಪ ಕಲ್ಲೇ ಹಾಕು.”

ಅವನು ಆಗಲೇ ಕೈಗೆ ಸಿಕ್ಕ ದೊಡ್ಡ ಕಲ್ಲೆತ್ತಿಕೊಂಡು ಗುಡ್ಡೆಯತ್ತ ನಡೆದ. ಅವಳು ಜಗುಲಿಯಲ್ಲಿ ಕೂತು ನೋಡಿದಳು.

ನಲವತ್ತು ವರ್ಷದ ಹಿಂದೆ ತನ್ನ ಗುದ್ದಲಿಯ ಏಟಿಗೆ ಉರುಳಿದ ಸಿದ್ದಬಸಪ್ಪನನ್ನು ಅಲ್ಲೇ ಹೂತು, ಮೇಲೆ ಮೊದಲ ಕಲ್ಲು ಹಾಕಿ, ಕಲ್ಲಮ್ಮ ಎಂದು ಹೆಸರಿಟ್ಟವಳು ಅವಳೇ. ಇವತ್ತಿನ ಕಲ್ಲನ್ನೂ ಮಗ ಅಪ್ಪನ ಎದೆಯ ಮೇಲೇ ಹಾಕಿದ.