ಬಿಸಿಲಿಗೆ ಬಂದ ಅರಿವೆ

ಒಂದಾನೊಂದು ಕಾಲದಲ್ಲಿ, ತೀರ ಹಿಂದೇನಲ್ಲ, ಗಲ್ಲಿಗೊಂದು ಎಸ್‌ಟಿಡಿ ಬೂತು ಇದ್ದ ಕಾಲದಲ್ಲಿ, ಪುಣೆಯ ಬಿಬವೇವಾಡಿಯ ತಗಡಿನ ಸೂರಿನ ಸಾಲುಮನೆಗಳ ಚಾಳಿನಲ್ಲಿ ಕಿಶೋರನೆಂಬ ಗಂಡನೂ ಭುವನೇಶ್ವರಿಯೆಂಬ ಹೆಂಡತಿಯೂ ಇದ್ದರು. ಗಂಡನಿಗೆ ಮುಂದೊಗಲು ಬಿಗಿದು ಉಚ್ಚೆಗೆ ಹೋದಾಗಲೆಲ್ಲ ಕಣ್ಣಲ್ಲಿ ನೀರು. ಡಾಕ್ಟರು ಆ ತೊಗಲನ್ನು ಕತ್ತರಿಸಿ ತೆಗೆದರು. ಚಾಳಿಗೆಲ್ಲ ಹರ್ನಿಯಾ ಎಂದು ಸುದ್ದಿ ಹೋಯಿತು. ಮನೆಗೆ ಕಳಿಸುವಾಗ ನರ್ಸಮ್ಮ, ಕಥೆಯಲ್ಲಿ ಕಾಡಿನ ಮುದುಕಿ ಹಾಕುವಂತೆ, ಮೂರು ಷರತ್ತು ಹಾಕಿದಳು. ದಿನಕ್ಕೆರಡು ಸಲ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಕೂತು ತೊಳೆಯಬೇಕು. ಮೆಲ್ಲಗೆ ಒತ್ತಿ ಒರೆಸಿ ಮುಲಾಮು ಹಚ್ಚಬೇಕು. ಮೇಲೆ ಸುತ್ತುವ ಅರಿವೆ ಮಾತ್ರ ಕುದಿಸಿ, ಬಿಸಿಲಲ್ಲಿ ಒಣಗಿಸಿದ್ದೇ ಆಗಿರಬೇಕು.

ಎರಡು ಷರತ್ತು ನಡೆದವು. ಮೂರನೆಯದಕ್ಕೆ ಕಿಶೋರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಚಾಳಿಗೆಲ್ಲ ಸೇರಿ ಅಂಗಳದಲ್ಲಿ ಇದ್ದದ್ದು ಒಂದೇ ತಂತಿ. ಅದರ ಮೇಲೆ ರಕ್ತದ ಕಲೆ ಉಳಿದ ಚಿಕ್ಕ ಚಿಕ್ಕ ತುಂಡುಗಳು ನೇತಾಡಿದರೆ ನೋಡಿದವರು ಏನೆಂದಾರು? ಕುದಿಸಿದ ಅರಿವೆಗಳು ಮಂಚದ ಕೆಳಗೇ ಅರ್ಧಂಬರ್ಧ ಆರಿದವು. ಐದನೆಯ ದಿನ ಹೊಲಿಗೆಯ ಸುತ್ತ ಕೆಂಪೇರಿತು; ಮತ್ತೆ ಆಸ್ಪತ್ರೆಗೆ ಹೋದ. "ಹಸಿ ಬಟ್ಟೆ ಸುತ್ತಿ ಕೀವು ಮಾಡಿಕೊಂಡರೆ ಮತ್ತೆ ಇದೇ ಟೇಬಲ್ಲಿನ ಮೇಲೆ ಮಲಗಬೇಕಾಗುತ್ತದೆ" ಎಂದು ನರ್ಸಮ್ಮ ಮರಾಠಿಯಲ್ಲಿ ಜಾಡಿಸಿದಳು. ನಾಳೆ ಖಂಡಿತ ಬಿಸಿಲಿಗೆ ಹಾಕುತ್ತೇನೆಂದು ಅವನು ಮಾತು ಕೊಟ್ಟು ಬಂದ.

ನಾಳೆಯೂ ಬಂತು, ಹತ್ತೂ ಹೊಡೆಯಿತು. ಕಿಶೋರ ಲುಂಗಿಯನ್ನು ಎರಡು ಬೆರಳಿನಲ್ಲಿ ಮುಂದಕ್ಕೆ ಎತ್ತಿ ಹಿಡಿದು, ಕಾಲು ಅಗಲಿಸಿಕೊಂಡು ಬಾಗಿಲವರೆಗೆ ಹೋದ, ಅಂಗಳ ನೋಡಿದ, ತಿರುಗಿ ಬಂದ.

"ಥೇಟ್ ಬಾತುಕೋಳಿ ನೋಡ್ರಿ," ಎಂದು ಭುವನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡಳು.

"ನಗು, ನಗು. ಹೊಲಿಗಿ ನಿನಗ ಬಿದ್ದಿದ್ರ ಗೊತ್ತಾಗ್ತಿತ್ತು."

"ಕೊಡ್ರಿ ಇಲ್ಲಿ, ನಾನೇ ಹಾಕಿ ಬರ್ತೀನಿ."

"ಬ್ಯಾಡ! ಆ ಸಕ್ಕುಬಾಯಿ ತಂತಿ ಕೆಳಗೇ ಕುಂತಾಳ. ಹರ್ನಿಯಾ ಅಲ್ಲಂತ ಆಕಿಗಿ ತಿಳೀತಂದ್ರ ಸಂಜಿಯೊಳಗ ನಮ್ಮ ಫ್ಯಾಕ್ಟರಿಗಿ ಸುದ್ದಿ ಮುಟ್ತದ." ಅವನು ದನಿ ತಗ್ಗಿಸಿದ. "ಅಲ್ಲಾ, ತಿಂಗಳಾ ತಿಂಗಳಾ ನಿನ್ನವು ನೀ ಎಲ್ಲಿ ಒಣಗಸ್ತಿ? ಯಾರ ಕಣ್ಣಿಗೂ ಬೀಳಂಗಿಲ್ಲ. ಇವೂ ಅಲ್ಲೇ ಹಾಕು."

ಭುವನೇಶ್ವರಿ ಟ್ರಂಕಿನ ಹಿಂದೆ ಕೈ ತೋರಿಸಿದಳು. ಗೋಡೆಯ ಎರಡು ಮೊಳೆಗಳ ನಡುವೆ ಒಂದು ದಾರ, ದಾರದ ಮೇಲೊಂದು ಹಳೆಯ ಪರಕಾರ, ಅವಳ ಒಳಲಂಗ. ಮೂರು ವರ್ಷ ಅದೇ ಕೋಣೆಯಲ್ಲಿ ಮಲಗಿ ಎದ್ದವನು ಅದನ್ನು ನೋಡಿಯೇ ಇರಲಿಲ್ಲ. ಪರಕಾರ ಎತ್ತಿ, ಅದರ ಕೆಳಗಿದ್ದ ಅರಿವೆಗಳನ್ನು ಮುಟ್ಟಿದ.

"ಯಾವಾಗ ಒಗದದ್ದು?"

"ಮೊನ್ನಿ."

"ಇನ್ನೂ ಹಸಿ ಅವಲ್ಲ!"

"ಹಂಗೇ ಇಟ್ಕೋತೀನಿ. ಮತ್ತೇನ್ ಮಾಡ್ಲಿ?"

"ಉರಿಯಂಗಿಲ್ಲೇನ?"

"ಉರಿತದ," ಎಂದಳು ಅವಳು, ಅಕ್ಕಿಯಲ್ಲಿ ಕಲ್ಲು ಇದೆ ಎಂದಷ್ಟೇ ಸಹಜವಾಗಿ.

ಐದು ದಿನದಿಂದ ಉರಿ ಉರಿ ಎಂದು ಅವಳಿಂದ ಗಾಳಿ ಬೀಸಿಸಿಕೊಂಡವನು, ದಾರದ ಮೇಲಿನ ಮೂರನ್ನೂ ಮಂಚದ ಕೆಳಗಿನ ನಾಲ್ಕನ್ನೂ ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ನಡೆದ.

"ರೀ, ನನ್ನವು ಬ್ಯಾಡ್ರಿ!" ಎಂದು ಭುವನೇಶ್ವರಿ ಹಿಂದಿನಿಂದ ಹಿಡಿದೆಳೆದಳು.

"ಲುಂಗಿ ಬಿಡ, ಮಾರಾಯ್ತಿ. ಸಡಲ ಕಟ್ಟೀನಿ."

ಅವಳು ಫಕ್ಕನೆ ಕೈ ಬಿಟ್ಟಳು. ಆಮೇಲೆ ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು. ಅಂಗಳದಲ್ಲಿ ಚಾಳಿನ ಮುದುಕಿ ಸಕ್ಕುಬಾಯಿ ತನ್ನ ಕೌದಿಯನ್ನು ತಂತಿಯ ಉದ್ದಕ್ಕೂ ಹರವಿ, ಅದರ ಕೆಳಗೆ ಜೋಳ ಹಸನು ಮಾಡುತ್ತಿದ್ದಳು. ಕಿಶೋರ ತಂತಿಯ ಕೊನೆಯಲ್ಲಿ ಉಳಿದ ಗೇಣುದ್ದ ಜಾಗದಲ್ಲಿ ಒಂದೊಂದೇ ತುಂಡು ಹಾಕತೊಡಗಿದ.

"ಇವೇನೋ ಕಿಶೋರ? ಯಾರವು?"

"ನಾಕು ನನ್ನವು, ಮೂರು ಆಕಿವು, ಆಯಿ." ಅವನ ಕಿವಿ ಕೆಂಪಾಗಿದ್ದವು.

ಮುದುಕಿ ಅರಿವೆಗಳನ್ನು ನೋಡಿದಳು, ಅಗಲಿಸಿ ನಿಂತ ಅವನ ಕಾಲು ನೋಡಿದಳು. ಮೊರ ಬದಿಗಿಟ್ಟು, ಮೊಣಕಾಲಿಗೆ ಕೈಕೊಟ್ಟು ಎದ್ದಳು.

"ಆ ತುದಿಗಿ ಯಾಕ ಹಾಕ್ತಿ, ಮಳ್ಳ? ಹನ್ನೆರಡಕ್ಕ ಅಲ್ಲಿ ನೆಳ್ಳ ಬರ್ತದ. ಇಲ್ಲಿ ಹಾಕು," ಎಂದು ಕೌದಿಯನ್ನು ಎಳೆದು ತೆಗೆದಳು.

ಮೂರು ಗಂಟೆಗೆ ಕಿಶೋರ ತಾನೇ ಹೋಗಿ ಏಳನ್ನೂ ತಂದ. ಮೂರನ್ನು ಎಣಿಸಿ ಹೆಂಡತಿಯ ಅಂಗೈಯಲ್ಲಿಟ್ಟ. ಭುವನೇಶ್ವರಿ ಅವನ್ನು ಮೆಲ್ಲಗೆ ಕೆನ್ನೆಗೆ ಒತ್ತಿಕೊಂಡಳು. ಹದಿಮೂರರ ವಯಸ್ಸಿನಿಂದ ಒಗೆಯುತ್ತ, ಹಿಂಡುತ್ತ, ಮುಚ್ಚಿಡುತ್ತ ಬಂದ ಈ ಅರಿವೆ ಬೆಚ್ಚಗೂ ಇರಬಲ್ಲದೆಂದು ಅವಳಿಗೆ ಗೊತ್ತಾದದ್ದು ಅವತ್ತೇ.