ವಿಚಾರಿಸುವ ಹೊತ್ತು

ಈರವ್ವ ರೊಟ್ಟಿ ಬಡಿಯುತ್ತಿದ್ದಾಗ, ತೀರಿಕೊಂಡವರ ಮನಸ್ಸುಗಳನ್ನು ಕಂಪ್ಯೂಟರಿನಲ್ಲಿ ಉಳಿಸಿ ಇಟ್ಟಿರುವ ಸರ್ವರ್ ಕೋಣೆಯಿಂದ, ಅದನ್ನು ನೋಡಿಕೊಳ್ಳುವ ಫಕೀರಪ್ಪನ ಫೋನು ಬಂತು.

“ಅಕ್ಕಾರ, ಮಗಳು ಹೆಂಗದಾಳಂತ ನಿಮಿಷಕ್ಕೊಮ್ಮೆ ಕೇಳಾಕ ಹಚ್ಚೀರಿ. ಒಂದೊಂದ್ ಸಲ ಉತ್ತರ ಕೊಡಾಕೂ ಅಕೀದು ಉಳಿದಿರೋ ಶಕ್ತೀನ ಖರ್ಚಾಗತೈತಿ. ಹಿಂಗಾದ್ರ ಈ ವಾರ ದಾಟಂಗಿಲ್ಲ.”

ಈರವ್ವ ಹಿಟ್ಟಿನ ಕೈಯಲ್ಲೇ ಕಂಪ್ಯೂಟರಿನಲ್ಲಿ ಕಮಾಂಡು ಬರೆಯುವ ಕಪ್ಪು ಪರದೆ ತೆರೆದಳು. ಹಿರಿಯ ಮಗಳು ಹೇಗಿದ್ದಾಳೆಂದು ತಾನಾಗಿ ಕೇಳುತ್ತಿದ್ದ ಕಮಾಂಡಿನಲ್ಲಿ ಅರವತ್ತು ಸೆಕೆಂಡಿಗೊಮ್ಮೆ ಎಂದಿದ್ದುದನ್ನು ಅಳಿಸಿ ದಿನಕ್ಕೊಮ್ಮೆ ಎಂದು ಬರೆದಳು. ಸಾಲದೆನಿಸಿತು, ತಿಂಗಳಿಗೊಮ್ಮೆ ಎಂದು ಮಾಡಿದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

ಕಿರಿಯ ಮಗಳು ಕಸ್ತೂರಿ ಅಷ್ಟು ಹೊತ್ತೂ ಅವಳ ಬೆರಳುಗಳನ್ನೇ ನೋಡುತ್ತಿದ್ದಳು.

“ಯವ್ವಾ, ನಾವು ಕೇಳೂದ ಬಿಟ್ರ, ಅಕ್ಕ ಹೋಗಿದ್ದು ನಮಗ ಹೆಂಗ ಗೊತ್ತಾಗತೈತಿ?”